ಬ್ರೋಕರ್ ಇಲ್ಲದೆ ಮನೆ ಮಾರುವುದು ಹೇಗೆ: ಮೊದಲು ಕಾಗದ, ಆಮೇಲೆ ಬೋರ್ಡು

ಬೆಂಗಳೂರಿನಲ್ಲಿ 1 ಕೋಟಿ 20 ಲಕ್ಷಕ್ಕೆ ಒಂದು ಮನೆ ಮಾರಿದರೆ ಬ್ರೋಕರ್ ಕೇಳುವುದು ಸಾಮಾನ್ಯವಾಗಿ ಒಂದರಿಂದ ಎರಡು ಪರ್ಸೆಂಟ್. ಅಂದರೆ 1.2 ಲಕ್ಷದಿಂದ 2.4 ಲಕ್ಷ. ಕೊಳ್ಳುವವರ ಕಡೆಯಿಂದಲೂ ಬೇರೆ ಕಮಿಷನ್ ಇರುತ್ತದೆ. "ನಾವೇ ಮಾರಿದರೆ ಆಗಲ್ವಾ?" ಅಂತ ಅನ್ನಿಸುವುದು ಸಹಜ. ಖಂಡಿತ ಆಗುತ್ತದೆ. ಮಧ್ಯವರ್ತಿ ಇರಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಮಾರುವವರು, ಕೊಳ್ಳುವವರು, ಇಬ್ಬರು ಸಾಕ್ಷಿಗಳು, ಒಬ್ಬ ಸಬ್ ರಿಜಿಸ್ಟ್ರಾರ್. ಇಷ್ಟು ಜನ ಇದ್ದರೆ ಮನೆ ಕೈ ಬದಲಾಗುತ್ತದೆ.

ಆದರೆ ಬ್ರೋಕರ್ ಏನು ಕೆಲಸ ಮಾಡುತ್ತಾನೆ ಅನ್ನುವುದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯದು. ಬೀಗ ತೆಗೆದು ಮನೆ ತೋರಿಸುವುದು ಅದರಲ್ಲಿ ತೀರಾ ಸಣ್ಣ ಭಾಗ. ಸುಮ್ನೆ ನೋಡಲು ಬರುವವರನ್ನು ಸೋಸುವುದು, ಯಾವ ಕಾಗದ ಕಮ್ಮಿ ಬಿದ್ದಿದೆ ಅಂತ ಹುಡುಕುವುದು, ಚೌಕಾಸಿಯಲ್ಲಿ ಎರಡೂ ಕಡೆಯವರ ಮುಖ ಉಳಿಸುವುದು, ಇವು ಅವನ ನಿಜವಾದ ಕೆಲಸ. ಇನ್ನು ಮೇಲೆ ಅವೆಲ್ಲ ನಿಮ್ಮ ಪಾಲು. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕಾಗದದ್ದೇ. ಬಹಳ ಜನ ಮೊದಲು ಗೇಟಿಗೆ ಬೋರ್ಡು ನೇತುಹಾಕಿ, ಗಿರಾಕಿ ಸಿಕ್ಕಮೇಲೆ ಬೀರು ತೆಗೆದು ಕಾಗದ ಹುಡುಕಲು ಶುರು ಮಾಡುತ್ತಾರೆ. ಅಷ್ಟರಲ್ಲಿ ಆ ಗಿರಾಕಿ ಪಕ್ಕದ ರಸ್ತೆಯಲ್ಲಿ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಟ್ಟಿರುತ್ತಾನೆ.

ಇಲ್ಲಿ ಹೇಳುವುದೆಲ್ಲ ಕರ್ನಾಟಕಕ್ಕೆ, ಅದರಲ್ಲೂ ಹೆಚ್ಚಾಗಿ ಬೆಂಗಳೂರಿಗೆ ಹೊಂದುವ ಮಾತು.

ಕಾಗದ ಜೋಡಿಸಿಕೊಳ್ಳಿ

ಒಂದು ಫೈಲ್ ತೆಗೆದುಕೊಂಡು ಇವನ್ನು ಈ ಕ್ರಮದಲ್ಲೇ ಇಡಿ: ನಿಮ್ಮ ಹೆಸರಿಗೆ ಆದ ಕ್ರಯಪತ್ರ, ಅದಕ್ಕೂ ಹಿಂದಿನ ತಾಯಿ ಪತ್ರಗಳು, ಖಾತೆ (ಪಾಲಿಕೆಯ ಅಥವಾ ಪಂಚಾಯಿತಿಯ ಆಸ್ತಿ ದಾಖಲೆ), ಋಣಭಾರ ಪತ್ರ ಅಂದರೆ ಇಸಿ, ಇಲ್ಲಿಯವರೆಗಿನ ಆಸ್ತಿ ತೆರಿಗೆ ರಸೀದಿ, ಮನೆ ಕಟ್ಟಲು ಮಂಜೂರಾದ ಪ್ಲಾನ್, ಕರೆಂಟ್ ಮತ್ತು ನೀರಿನ ಬಿಲ್ಲು. ಫ್ಲಾಟ್ ಆದರೆ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಪತ್ರ), ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಎಂಬ ಪತ್ರ, ಪಾರ್ಕಿಂಗ್ ಜಾಗದ ವಿವರ.

ಈಗ ಇ-ಖಾತೆ, ಅಂದರೆ ಖಾತೆಯ ಡಿಜಿಟಲ್ ರೂಪ, ಇಲ್ಲದೆ ನೋಂದಣಿಯೇ ಆಗುವುದಿಲ್ಲ. 2024ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಜನರ ಬಾಯಲ್ಲಿ ಮಾತ್ರ ಇನ್ನೂ ಅದು "ಬಿಬಿಎಂಪಿ ಖಾತೆ"ಯೇ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬಹುದು. ಆಸ್ತಿ ತೆರಿಗೆ ಅರ್ಜಿ ಸಂಖ್ಯೆ, ಆಧಾರ್, ನೋಂದಣಿ ಪತ್ರದ ವಿವರ, ಇಸಿ, ಬೆಸ್ಕಾಂ ಖಾತೆ ಸಂಖ್ಯೆ, ಮನೆಯ ಫೋಟೋ ಕೇಳುತ್ತದೆ. ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಇಬ್ಬರ ಆಧಾರ್ ಕೂಡ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತುವಿನ ಫಾರಂ 9 ಮತ್ತು 11 ತೆಗೆಸಿ. ನಿಮ್ಮದು ಬಿ ಖಾತೆ, ಅಂದರೆ ಪೂರ್ತಿ ಮಂಜೂರಾತಿ ಇಲ್ಲದ ಆಸ್ತಿಯ ಖಾತೆಯಾದರೆ ಅದನ್ನು ಮುಚ್ಚಿಡಬೇಡಿ. ಬಿ ಖಾತೆ ಮನೆಗೂ ಗಿರಾಕಿ ಸಿಗುತ್ತಾರೆ, ಆದರೆ ಹಲವು ಬ್ಯಾಂಕುಗಳು ಸಾಲ ಕೊಡಲು ಒಪ್ಪುವುದಿಲ್ಲ, ರೇಟೂ ಕಡಿಮೆ. ಮೊದಲೇ ಹೇಳಿದರೆ ಸರಿಯಾದವರೇ ಬರುತ್ತಾರೆ.

ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಆ ಅವಧಿಯಲ್ಲಿ ವ್ಯವಹಾರ ನಡೆದಿದ್ದರೆ ಫಾರಂ 15 ಬರುತ್ತದೆ, ಏನೂ ನಡೆದಿಲ್ಲದಿದ್ದರೆ ಫಾರಂ 16. ತೀರಾ ಹಳೆಯ ವರ್ಷಗಳದ್ದು ಬೇಕಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೆಯ ಪುಸ್ತಕಗಳಿಂದ ತೆಗೆಸಬೇಕಾಗಬಹುದು. ಅದಕ್ಕೆ ಸಮಯ ಹಿಡಿಯುತ್ತದೆ, ಇವತ್ತೇ ಅರ್ಜಿ ಕೊಡಿ.

ಇಸಿ ಕೈಗೆ ಬಂದಮೇಲೆ ಪ್ರತಿ ಸಾಲನ್ನೂ ಓದಿ. ಬಹಳ ಕಡೆ ಸಿಕ್ಕಿಬೀಳುವುದು ಹಳೆಯ ಗೃಹಸಾಲ. ಸಾಲ ತೀರಿಸಿ ವರ್ಷಗಳಾಗಿರುತ್ತವೆ, ಆದರೆ ಅಡಮಾನದ ನಮೂದು ಇಸಿಯಲ್ಲಿ ಹಾಗೇ ಕೂತಿರುತ್ತದೆ. ಬ್ಯಾಂಕಿನಿಂದ ಅಡಮಾನ ಬಿಡುಗಡೆ ಪತ್ರ ಮಾಡಿಸಿ ನೋಂದಣಿ ಮಾಡಿಸಿದರೆ ಮಾತ್ರ ಅದು ತೀರಿದ್ದು ಕಾಣುತ್ತದೆ. ಮೂಲ ಪತ್ರಗಳು ಬ್ಯಾಂಕಿನಲ್ಲೇ ಉಳಿದಿವೆಯಾ? ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಅವನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು.

ಆಮೇಲೆ ಕ್ರಯಪತ್ರದ ಕೊನೆಯಲ್ಲಿರುವ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ತೆಗೆದು ಇ-ಖಾತೆಯ ಪಕ್ಕ ಇಡಿ. ಕ್ರಯಪತ್ರದಲ್ಲಿ "ಪೂರ್ವಕ್ಕೆ ಸೈಟ್ ನಂಬರ್ 14, ಪಶ್ಚಿಮಕ್ಕೆ ರಸ್ತೆ" ಎಂದಿದ್ದು, ಖಾತೆಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿದ್ದರೆ ಕೊಳ್ಳುವವರ ವಕೀಲರು ಅಲ್ಲೇ ನಿಲ್ಲಿಸುತ್ತಾರೆ. ಅಳತೆಯೂ ಹಾಗೇ. ಒಂದರಲ್ಲಿ 30 ಅಡಿ, ಇನ್ನೊಂದರಲ್ಲಿ 30 ಅಡಿ 6 ಇಂಚು. ಹೆಸರಿನ ಕಥೆ ಇನ್ನೂ ಜಾಸ್ತಿ: ಪತ್ರದಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಇವೆಲ್ಲ ಅಫಿಡವಿಟ್ಟಿನಲ್ಲೋ ತಿದ್ದುಪಡಿ ಪತ್ರದಲ್ಲೋ ಮುಗಿಯುವ ಕೆಲಸ, ಆದರೆ ಗಿರಾಕಿ ಎದುರು ಕೂತಿರುವಾಗ ಮಾಡುವ ಕೆಲಸ ಅಲ್ಲ.

ಅಕ್ಕ ತಂಗಿಯರ ಸಹಿ

ಅಪ್ಪನಿಂದ ಬಂದ ಮನೆಯಾದರೆ ಇದೊಂದು ಭಾಗವನ್ನು ಎರಡು ಸಲ ಓದಿ. "ಅವರಿಗೆಲ್ಲ ಮದುವೆಯಲ್ಲಿ ಕೊಟ್ಟಾಯ್ತು, ಅವರದ್ದೇನೂ ಇಲ್ಲ" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಿತ್ತು ಎಂಬ ಷರತ್ತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಮನೆ, ವಿಲ್ ಬರೆಯದೆ ತೀರಿಕೊಂಡರೆ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಪಾಲುದಾರರೇ.

ಹಾಗಾಗಿ ವಂಶವೃಕ್ಷ ಮಾಡಿಸಿ. ಖಾತೆ ಇನ್ನೂ ಅಪ್ಪನ ಹೆಸರಲ್ಲಿದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ. ಆಮೇಲೆ ಎರಡು ದಾರಿ: ಎಲ್ಲರೂ ಸೇರಿ ಕ್ರಯಪತ್ರಕ್ಕೆ ಸಹಿ ಹಾಕುವುದು, ಇಲ್ಲವೇ ಉಳಿದವರು ನಿಮ್ಮ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡುವುದು. ಮಾರುವ ವಿಷಯವನ್ನು ಅಕ್ಕನಿಗೆ ಮೂರನೆಯವರಿಂದ ಗೊತ್ತಾಗುವಂತೆ ಮಾಡಬೇಡಿ. ಎಷ್ಟೋ ಮನೆಗಳ ಕೇಸು ಹಣಕ್ಕಿಂತ ಹೆಚ್ಚಾಗಿ ಆ ಒಂದು ಮುನಿಸಿನಿಂದ ಶುರುವಾಗುತ್ತದೆ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ತಮ್ಮ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಬೇಕು, ಇಲ್ಲಿ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆದರೆ ಬರೀ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮನೆಯನ್ನೇ ಮಾರಿಬಿಡುವ ಹಳೆಯ ಪದ್ಧತಿ ನಡೆಯುವುದಿಲ್ಲ. ಅದರಿಂದ ಮಾಲೀಕತ್ವ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ರೇಟು ಕಟ್ಟುವುದು

ಸರ್ಕಾರದ ಮಾರ್ಗಸೂಚಿ ಬೆಲೆ ಕಾವೇರಿಯಲ್ಲಿ ಸಿಗುತ್ತದೆ. ಅದು ನೋಂದಣಿಯ ಶುಲ್ಕ ಲೆಕ್ಕ ಹಾಕಲು ಸರ್ಕಾರ ಇಟ್ಟ ಕನಿಷ್ಠ ಬೆಲೆ, ಮಾರುಕಟ್ಟೆ ಬೆಲೆ ಅಲ್ಲ. ಸ್ವತಂತ್ರ ಮನೆಯಾದರೆ ಜಾಗಕ್ಕೆ ಚದರ ಅಡಿ ಲೆಕ್ಕದಲ್ಲಿ ಒಂದು ಬೆಲೆ, ಕಟ್ಟಡಕ್ಕೆ ಅದರ ವಯಸ್ಸು ಕಳೆದು ಇನ್ನೊಂದು ಬೆಲೆ, ಎರಡನ್ನೂ ಕೂಡಿಸಿ. 25 ವರ್ಷದ ಮನೆಗೆ ನೀವು ಹಾಕಿಸಿದ ತೇಗದ ಬಾಗಿಲಿನ ಬೆಲೆ ಗಿರಾಕಿ ಕೊಡುವುದಿಲ್ಲ. ಅವನು ಜಾಗ ನೋಡುತ್ತಿದ್ದಾನೆ, ಅರ್ಧ ಜನ ಮನೆ ಒಡೆದು ಹೊಸದಾಗಿ ಕಟ್ಟುವ ಲೆಕ್ಕದಲ್ಲೇ ಬರುತ್ತಾರೆ. ಫ್ಲಾಟ್ ಆದರೆ ಅದೇ ಅಪಾರ್ಟ್‌ಮೆಂಟಿನಲ್ಲಿ ಇತ್ತೀಚೆಗೆ ಯಾವುದು ಎಷ್ಟಕ್ಕೆ ಹೋಯಿತು ಅಂತ ಕೇಳಿ. ಅಸೋಸಿಯೇಷನ್ ಸೆಕ್ರೆಟರಿಗೆ ಗೊತ್ತಿರುತ್ತದೆ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ, ಕೈಗೆ ಬಂದ ಬೆಲೆ ಬೇರೆ.

ಒಂದು ಚೀಟಿಯಲ್ಲಿ ಮೂರು ಸಂಖ್ಯೆ ಬರೆದಿಡಿ: ಹೇಳುವ ಬೆಲೆ, ಬಂದರೆ ಸಂತೋಷ ಎನ್ನುವ ಬೆಲೆ, ಇದಕ್ಕಿಂತ ಕೆಳಗೆ ಇಳಿಯಲ್ಲ ಎನ್ನುವ ಬೆಲೆ. ಮೂರನೆಯದು ಮನೆಯೊಳಗಿನವರಿಗೆ ಮಾತ್ರ ಗೊತ್ತಿರಲಿ. ಹೊರಗಿನವರಿಗೆ ಎಲ್ಲರೂ ಮೊದಲನೆಯದನ್ನೇ ಹೇಳಬೇಕು. ಗಂಡ ಒಂದು ರೇಟು, ಹೆಂಡತಿ ಇನ್ನೊಂದು ರೇಟು ಹೇಳಿದರೆ ಗಿರಾಕಿ ಕಡಿಮೆಯದನ್ನೇ ಹಿಡಿದುಕೊಳ್ಳುತ್ತಾನೆ.

ಸುದ್ದಿ ಹಬ್ಬಿಸುವುದು

ಮೊದಲು ಅಕ್ಕಪಕ್ಕದ ಮನೆಯವರಿಗೆ ಹೇಳಿ. ಪಕ್ಕದ ಜಾಗ ಸೇರಿಸಿಕೊಳ್ಳಲು ಅವರಷ್ಟು ಆಸಕ್ತಿ ಬೇರೆ ಯಾರಿಗೂ ಇರುವುದಿಲ್ಲ. ಆಮೇಲೆ ಬೀದಿಯ ಅಂಗಡಿಯವರು, ಇಸ್ತ್ರಿಯವರು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್. ನೋಬ್ರೋಕರ್, 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್‌ನಂಥ ಜಾಲತಾಣಗಳಲ್ಲೂ ಹಾಕಿ. ಜಾಹೀರಾತಿನಲ್ಲಿ ಗಾಳಿ ಬೆಳಕಿನ ವರ್ಣನೆಗಿಂತ ಗಿರಾಕಿ ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಇರಲಿ. ಹೀಗೆ:

"ಮಾಲೀಕರಿಂದ ನೇರ ಮಾರಾಟ. ಕತ್ರಿಗುಪ್ಪೆ. 20-30 ಸೈಟು, ಪೂರ್ವ ದಿಕ್ಕು. 2004ರಲ್ಲಿ ಕಟ್ಟಿದ ಎರಡು ಮಹಡಿ, ಒಟ್ಟು 10 ಚದರ. ಕಾವೇರಿ ನೀರು, ಸಂಪು ಇದೆ. ಎ ಖಾತೆ, ಇ-ಖಾತೆ ಆಗಿದೆ, ಬ್ಯಾಂಕ್ ಸಾಲ ಇಲ್ಲ. ಕಾರು ಹೊರಗೆ ನಿಲ್ಲಿಸಬೇಕು. ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಮನೆ ನೋಡಬಹುದು. ಬ್ರೋಕರ್‌ಗಳು ದಯವಿಟ್ಟು ಕರೆ ಮಾಡಬೇಡಿ."

"ಕಾರು ಹೊರಗೆ ನಿಲ್ಲಿಸಬೇಕು" ಎಂಬ ಸಾಲೇ ಇದರಲ್ಲಿ ಹೆಚ್ಚು ಕೆಲಸ ಮಾಡುವುದು. ಅದು ಬೇಡದವರನ್ನು ಮನೆವರೆಗೆ ಬರಲು ಬಿಡುವುದಿಲ್ಲ. ಕೊನೆಯ ಸಾಲು ಹಾಕಿದರೂ ಬ್ರೋಕರ್‌ಗಳು ಫೋನ್ ಮಾಡಿಯೇ ಮಾಡುತ್ತಾರೆ. "ಪಾರ್ಟಿ ರೆಡಿ ಇದೆ ಸಾರ್" ಅನ್ನುತ್ತಾರೆ. ಕಮಿಷನ್ ಅವರ ಪಾರ್ಟಿ ಕಡೆಯಿಂದ ಮಾತ್ರ, ನನ್ನಿಂದ ಇಲ್ಲ ಎಂದು ಮೆಸೇಜ್‌ನಲ್ಲೇ ಬರೆಸಿಕೊಂಡು ಬೇಕಾದರೆ ಮನೆ ತೋರಿಸಿ.

ಇದಕ್ಕೇ ಒಂದು ಬೇರೆ ನಂಬರ್ ಇಟ್ಟುಕೊಂಡರೆ ತಲೆನೋವು ಕಡಿಮೆ. ಮನೆಯನ್ನೇ ನೋಡದೆ "ಈಗಲೇ ಟೋಕನ್ ಕಳಿಸ್ತೀನಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ" ಎನ್ನುವವನು ಕಳ್ಳ. ಸೈನ್ಯದಲ್ಲಿದ್ದೇನೆ ಎಂದು ಐಡಿ ಕಾರ್ಡ್ ಕಳಿಸಿದರೂ ಅಷ್ಟೇ. ದುಡ್ಡು ಪಡೆಯಲು ಯಾರೂ ಪಿನ್ ಒತ್ತಬೇಕಾಗಿಲ್ಲ.

ಮನೆ ತೋರಿಸುವಾಗ, ಮಾತಿಗೆ ಕೂತಾಗ

ಬೆಳಗಿನ ಹೊತ್ತು ತೋರಿಸಿ. ಸೋರುವ ನಲ್ಲಿ, ಕೂಗುವ ಬಾಗಿಲು ಸರಿ ಮಾಡಿಸಿ. ಪೂರ್ತಿ ಪೇಂಟಿಂಗ್ ಬೇಡ, ಆ ದುಡ್ಡು ವಾಪಸ್ ಬರುವುದಿಲ್ಲ. ಮಳೆಗಾಲದಲ್ಲಿ ತಾರಸಿ ಎಲ್ಲಾದರೂ ಒಸರುತ್ತಿದ್ದರೆ ನೀವೇ ತೋರಿಸಿಬಿಡಿ. ಅವರು ಹೇಗೂ ಇಂಜಿನಿಯರ್ ಕರೆತರುತ್ತಾರೆ. ವಾಸ್ತು ನೋಡುವವರು ಬಂದೇ ಬರುತ್ತಾರೆ. ನೈಋತ್ಯದಲ್ಲಿ ಟಾಯ್ಲೆಟ್ ಇದೆ ಅಂದರೆ ವಾದ ಮಾಡಲು ಹೋಗಬೇಡಿ, ಅದು ಎಷ್ಟೋ ಸಲ ರೇಟು ಇಳಿಸುವ ಪೀಠಿಕೆ.

ಫೋನಿನಲ್ಲಿ "ಕೊನೆ ರೇಟು ಹೇಳಿ ಸಾರ್" ಎಂದರೆ ಉತ್ತರ ಒಂದೇ: "ಮನೆ ನೋಡಿ ಬನ್ನಿ, ಕೂತು ಮಾತಾಡೋಣ." ಕೂತಾಗ ಮೊದಲು ಕೇಳಬೇಕಾದ್ದು ಅವರ ದುಡ್ಡಿನ ಮೂಲ. ಕೈಯಲ್ಲಿದೆಯಾ, ಸಾಲವಾ, ಇನ್ನೊಂದು ಮನೆ ಮಾರಿ ಕೊಡಬೇಕಾ? ಸಾಲವಾದರೆ ಬ್ಯಾಂಕು ಒಪ್ಪಿಗೆ ಕೊಟ್ಟಿದೆಯಾ? ಇನ್ನೊಂದು ಆಸ್ತಿ ಮಾರಿ ಕೊಡುತ್ತೇನೆ ಎನ್ನುವವರ ಬೆಲೆ ಎಷ್ಟೇ ಚೆನ್ನಾಗಿದ್ದರೂ, ನಾನಾದರೆ ಎರಡು ಲಕ್ಷ ಕಡಿಮೆ ಹೇಳಿ ಸಾಲ ಮಂಜೂರಾದವರಿಗೇ ಕೊಡುತ್ತೇನೆ.

ಕೊಳ್ಳುವವರ ಖರ್ಚೂ ನಿಮಗೆ ಗೊತ್ತಿರಲಿ. ಬೆಂಗಳೂರಿನಲ್ಲಿ ಇಂಥ ಮನೆಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ 31ರಿಂದ 2 ಪರ್ಸೆಂಟಿಗೆ ಏರಿದೆ. 1.2 ಕೋಟಿಗೆ ಹತ್ತಿರ ಹತ್ತಿರ 9 ಲಕ್ಷದ 12 ಸಾವಿರ ಆಯಿತು. ಇದನ್ನು ಉಳಿಸಲು ಅವರು ಹೇಳುವ ಉಪಾಯ ಎಲ್ಲರಿಗೂ ಗೊತ್ತು: "ಪತ್ರದಲ್ಲಿ 80 ತೋರಿಸೋಣ, 40 ಕ್ಯಾಶ್ ಕೊಡ್ತೀವಿ." ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ, ಅಂದರೆ ನಿಮಗೆ. ಆ 40 ಲಕ್ಷವನ್ನು ಬ್ಯಾಂಕಿಗೆ ಹಾಕುವ ಹಾಗಿಲ್ಲ, ಮುಂದಿನ ಮನೆಗೆ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಪತ್ರದ ಬೆಲೆ ಮಾರ್ಗಸೂಚಿಗಿಂತ 10 ಪರ್ಸೆಂಟ್‌ಗೂ ಹೆಚ್ಚು ಕೆಳಗಿದ್ದರೆ ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಯನ್ನೇ ನಿಮ್ಮ ಮಾರಾಟದ ಬೆಲೆ ಎಂದು ಹಿಡಿಯುತ್ತಾರೆ.

ಅಡ್ವಾನ್ಸ್ ಮತ್ತು ಅಗ್ರಿಮೆಂಟ್

ಇಲ್ಲಿ ವಕೀಲರಿಗೆ ದುಡ್ಡು ಕೊಡಿ. ಬ್ರೋಕರ್ ಕಮಿಷನ್ ಉಳಿಸಿದ ಮೇಲೆ ವಕೀಲರ ಫೀಸಿನಲ್ಲೂ ಉಳಿಸಲು ಹೋಗುವುದು ಜಿಪುಣತನ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಅಗ್ರಿಮೆಂಟಿನಲ್ಲಿ ಊರ ಹೆಸರು ಬದಲಾಯಿಸಿ ಸಹಿ ಹಾಕಬೇಡಿ.

ಅಗ್ರಿಮೆಂಟಿನಲ್ಲಿ ಇರಲೇಬೇಕಾದ್ದು: ಒಟ್ಟು ಬೆಲೆ, ಅಡ್ವಾನ್ಸ್ ಎಷ್ಟು ಮತ್ತು ಯಾವ ಚೆಕ್ಕಿನಲ್ಲಿ, ಉಳಿದದ್ದು ಯಾವ ತಾರೀಕಿನೊಳಗೆ, ಅವರು ಹಿಂದೆ ಸರಿದರೆ ಎಷ್ಟು ಮುರಿದುಕೊಳ್ಳುತ್ತೀರಿ, ನೀವು ಹಿಂದೆ ಸರಿದರೆ ಎಷ್ಟು ಕೊಡುತ್ತೀರಿ, ಅವರ ಬ್ಯಾಂಕು ಸಾಲ ನಿರಾಕರಿಸಿದರೆ ಏನು. ಈ ಕೊನೆಯದನ್ನು ಬರೆಯದೆ ಬಿಟ್ಟ ಕಡೆಯೇ ಜಗಳ ಜಾಸ್ತಿ. ವಾಯಿದೆ ಎರಡು ಮೂರು ತಿಂಗಳು ಇರಲಿ. ಮಧ್ಯೆ ಆಷಾಢ ಬರುತ್ತದಾ ನೋಡಿಕೊಳ್ಳಿ. "ಶ್ರಾವಣದಲ್ಲಿ ಮಾಡಿಸಿಕೊಳ್ತೀವಿ" ಅಂತ ಒಂದು ತಿಂಗಳು ಮುಂದೆ ಹೋಗುವುದು ಮಾಮೂಲು.

ನಕಲು ಕೊಡುವಾಗ ಪ್ರತಿ ಹಾಳೆಯ ಮೇಲೆ "ಪರಿಶೀಲನೆಗೆ ಮಾತ್ರ" ಎಂದು ಅಡ್ಡಲಾಗಿ ಬರೆದು ತಾರೀಕು ಹಾಕಿ. ಮೂಲ ಪತ್ರ ತೋರಿಸಬೇಕಾದರೆ ನಿಮ್ಮ ಎದುರಿಗೇ ನೋಡಲಿ.

ಇನ್ನೊಂದು ಬೇಡಿಕೆ ಬಹಳ ಪ್ರೀತಿಯಿಂದ ಬರುತ್ತದೆ. "ಅಂಕಲ್, ರಿಜಿಸ್ಟ್ರೇಷನ್ ಹೇಗೂ ಆಗುತ್ತೆ, ಆಷಾಢಕ್ಕೆ ಮುಂಚೆ ಒಳ್ಳೆ ಮುಹೂರ್ತ ಇದೆ, ಹಾಲು ಉಕ್ಕಿಸಿಬಿಡ್ತೀವಿ." ಒಂದು ಗಂಟೆಯ ಪೂಜೆ ಎಂದು ಕೇಳುತ್ತಾರೆ. ಕೀಲಿಕೈ ಕೊಟ್ಟರೆ ನಾಲ್ಕು ದಿನದಲ್ಲಿ ಅವರ ಬೀರು ಬಂದಿರುತ್ತದೆ. ಪೂರ್ತಿ ಹಣ ಬಾರದೆ ಸ್ವಾಧೀನ ಕೊಡುವುದು ಅಪಾಯ. "ನಮ್ಮ ವಕೀಲರು ಬೇಡ ಅಂದಿದ್ದಾರೆ" ಎಂದು ಹೇಳಿ. ವಕೀಲರ ಮೇಲೆ ಹಾಕಿದರೆ ಯಾರಿಗೂ ಬೇಜಾರಾಗಲ್ಲ.

ನಿಮ್ಮ ಮನೆ ಮೇಲೆ ಇನ್ನೂ ಸಾಲ ಇದ್ದರೂ ಮಾರಬಹುದು. ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ಮತ್ತು ಅವರಲ್ಲಿರುವ ದಾಖಲೆಗಳ ಪಟ್ಟಿ ತೆಗೆದುಕೊಳ್ಳಿ. ಕೊಳ್ಳುವವರ ಬ್ಯಾಂಕು ಆ ಮೊತ್ತವನ್ನು ನೇರ ನಿಮ್ಮ ಸಾಲದ ಖಾತೆಗೆ ಕಟ್ಟಿ, ಉಳಿದದ್ದನ್ನು ನಿಮಗೆ ಕೊಡುತ್ತದೆ. ಕೊಳ್ಳುವವರೂ ನಿಮ್ಮ ಬ್ಯಾಂಕಿನಲ್ಲೇ ಸಾಲ ತೆಗೆದುಕೊಂಡರೆ ಓಡಾಟ ಅರ್ಧ ಕಡಿಮೆ.

ನೋಂದಣಿ ದಿನ

ಕ್ರಯಪತ್ರದ ಕರಡನ್ನು ಕಾವೇರಿಯಲ್ಲಿ ಮುಂಚೆಯೇ ಹಾಕಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನವರು ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಈಗ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ಮಾಡಿಸಬಹುದು, ಜನ ಕಡಿಮೆ ಇರುವ ಕಡೆ ಹೋಗಿ. ಕರಡನ್ನು ನೀವೂ ಓದಿ. ಚಕ್ಕುಬಂದಿ, ಹೆಸರು, ಪ್ಯಾನ್ ಸಂಖ್ಯೆ, ಪಡೆದ ಹಣದ ವಿವರ ಅಕ್ಷರ ಅಕ್ಷರ ನೋಡಿ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಹೆಬ್ಬೆಟ್ಟು ಒತ್ತುವ ಮೊದಲು ಹಣ ನಿಮ್ಮ ಖಾತೆಯಲ್ಲಿರಬೇಕು ಅಥವಾ ಡಿಡಿ ಕೈಯಲ್ಲಿರಬೇಕು. ಡಿಡಿಯ ಫೋಟೋ ಹಿಂದಿನ ದಿನವೇ ತರಿಸಿಕೊಂಡು, ಕೊಟ್ಟ ಬ್ಯಾಂಕಿನ ಶಾಖೆಯಲ್ಲಿ ಅದು ಅಸಲಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು 1 ಪರ್ಸೆಂಟ್ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು ನಿಮ್ಮ ಪ್ಯಾನ್‌ಗೆ ಕಟ್ಟುತ್ತಾರೆ. 1.2 ಕೋಟಿಗೆ 1.2 ಲಕ್ಷ. ಅದು ಕಡಿಮೆ ಬಂತು ಅಂತ ಗಾಬರಿ ಬೇಡ, ಆದರೆ ಕಟ್ಟಿದ ಚಲನ್ ಕೇಳಿ ಪಡೆಯಿರಿ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಟಿಡಿಎಸ್ ಇದಕ್ಕಿಂತ ತುಂಬಾ ಜಾಸ್ತಿ. ಕಡಿಮೆ ದರದಲ್ಲಿ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಬೇಕು. ಅಗ್ರಿಮೆಂಟ್ ಹಂತದಲ್ಲೇ ಆಡಿಟರ್ ಹತ್ತಿರ ಹೋಗಿ.

ಫೋಟೋ, ಹೆಬ್ಬೆಟ್ಟು, ಸಾಕ್ಷಿಗಳ ಸಹಿ ಮುಗಿದ ಮೇಲೆ ಮೂಲ ಪತ್ರಗಳನ್ನೂ ಕೀಲಿಕೈಗಳನ್ನೂ ಕೊಟ್ಟು, ಏನೇನು ಕೊಟ್ಟಿರಿ ಎಂಬ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ. ಮೀಟರ್ ರೀಡಿಂಗ್ ಫೋಟೋ ತೆಗೆದಿಡಿ.

ತೆರಿಗೆಯ ಲೆಕ್ಕ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭ ದೀರ್ಘಾವಧಿಯದ್ದು. ಅದಕ್ಕೆ ತೆರಿಗೆ 12.5 ಪರ್ಸೆಂಟ್. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ಇಲ್ಲಿ ವಾಸಿಸುವವರಿಗೆ ಹಳೆಯ ದಾರಿಯೂ ಇದೆ: ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಂತೆ ಏರಿಸಿ, ಉಳಿದ ಲಾಭಕ್ಕೆ 20 ಪರ್ಸೆಂಟ್. ಯಾವುದು ಕಡಿಮೆಯೋ ಅದು.

2012-13ರಲ್ಲಿ 40 ಲಕ್ಷಕ್ಕೆ ಕೊಂಡು 2025-26ರಲ್ಲಿ 1.2 ಕೋಟಿಗೆ ಮಾರಿದ್ದೀರಿ ಅನ್ನಿ. ಹೊಸ ದಾರಿಯಲ್ಲಿ ಲಾಭ 80 ಲಕ್ಷ, ತೆರಿಗೆ 10 ಲಕ್ಷ. ಹಳೆಯ ದಾರಿಯಲ್ಲಿ ಸೂಚ್ಯಂಕ 200ರಿಂದ 376ಕ್ಕೆ ಏರಿದೆ, ಕೊಂಡ ಬೆಲೆ 75.2 ಲಕ್ಷ ಆಗುತ್ತದೆ. ಲಾಭ 44.8 ಲಕ್ಷ, ತೆರಿಗೆ 8.96 ಲಕ್ಷ. ಸೆಸ್ ಬೇರೆ. ಲಕ್ಷಕ್ಕಿಂತ ಹೆಚ್ಚು ವ್ಯತ್ಯಾಸ ನೋಡಿ. ನಡುವೆ ಮೇಲಂತಸ್ತು ಕಟ್ಟಿಸಿದ್ದರೆ ಆ ಬಿಲ್ಲುಗಳನ್ನೂ ಹುಡುಕಿ ತೆಗೆಯಿರಿ, ಆ ಖರ್ಚೂ ಕಳೆಯುತ್ತದೆ.

ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆ ವಿನಾಯಿತಿ ಸಿಗುತ್ತದೆ. ಮನೆ ಬೇಡ ಅನ್ನುವವರು ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಕಂಪನಿಗಳ ಬಾಂಡುಗಳಲ್ಲಿ 50 ಲಕ್ಷದವರೆಗೆ ಹಾಕಬಹುದು. ಐದು ವರ್ಷ ಆ ಹಣ ಮುಟ್ಟುವಂತಿಲ್ಲ. ರಿಟರ್ನ್ ಸಲ್ಲಿಸುವ ಗಡುವಿನ ಹೊತ್ತಿಗೂ ಹೊಸ ಮನೆ ಸಿಗದಿದ್ದರೆ ಲಾಭದ ಹಣವನ್ನು ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಅದಕ್ಕೆ ಹಾಕಿ. ಮಾಮೂಲಿ ಎಫ್‌ಡಿಯಲ್ಲಿ ಇಟ್ಟರೆ ವಿನಾಯಿತಿ ಸಿಗುವುದಿಲ್ಲ. ಎಲ್ಲ ಶಾಖೆಗಳಲ್ಲೂ ಈ ಖಾತೆ ತೆರೆಯುವುದಿಲ್ಲ, ಆದ್ದರಿಂದ ಗಡುವಿನ ಹಿಂದಿನ ದಿನ ಹೋಗದೆ ಒಂದು ತಿಂಗಳು ಮೊದಲೇ ವಿಚಾರಿಸಿ.